ಕೆಸುವಿನ ತವರು



ಮುಂಬಯಿ ಪೇಟೆಯಲ್ಲಿ ‘ಅಳೂ’ ಎಂದು ಕೊಳ್ಳುವ ಎಲೆಯೇ ನಮ್ಮ ಪತ್ರೊಡೆಯ ಕೆಸುವೆಂಬುದನ್ನು ತಾವೆಲ್ಲರೂ ಬಲ್ಲಿರಿ. ಇದರ ತವರು ಯಾವುದು? ಊರಿನ ತೋಡಿನ ಬದಿಯಲ್ಲಿ ತಾನಾಗಿ ಬೆಳೆದುದನ್ನು ಕಾಡುಕೆಸುವೆಂದುಬಿಡುತ್ತೇವೆ. ಅದು ನಿಜವಾಗಿ ಕಾಡಿನದೋ, ಎಂದೋ ಯಾರದೋ ಹಿತ್ತಿಲಿನಿಂದ ತಪ್ಪಿಸಿಕೊಂಡದ್ದೋ ಕಣ್ಣಿಗೆ ತಿಳಿಯದು.

ಇಲ್ಲಿ ನೆರವಿಗೆ ಬರುವುದು ರೈಬೋಸೋಮಿನ ಡಿಎನ್‌ಎ. ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ಯಂತ್ರವೇ ರೈಬೋಸೋಮು. ಅದರ ಅಚ್ಚುಗಳು ನೂರಾರು, ಸಾವಿರಾರು ಪ್ರತಿಗಳಾಗಿ ಸಾಲುಗಟ್ಟಿರುತ್ತವೆ. ಅಚ್ಚು ಅಷ್ಟಾಗಿ ಬದಲಾಗದು. ಅಚ್ಚು ಅಚ್ಚುಗಳ ನಡುವಣ ತೆರಪಿನ ಉದ್ದ ಮಾತ್ರ ತಳಿಯಿಂದ ತಳಿಗೆ ಬೇರೆಯಾಗಬಹುದು. ಪೀಟರ್ ಮ್ಯಾಥ್ಯೂಸ್ ಮತ್ತು ಸಂಗಡಿಗರು 1992ರಲ್ಲಿ ಜಪಾನಿನ ಕೆಸುಗಳಲ್ಲಿ ಈ ಡಿಎನ್‌ಎಯ ವ್ಯತ್ಯಾಸಗಳನ್ನು ಪರೀಕ್ಷಿಸಿದರು.

28 ವರ್ಣತಂತುಗಳ ಕೆಸು ಬೀಜ ಕಟ್ಟಬಲ್ಲದು. 42ರದು ಬಹುಮಟ್ಟಿಗೆ ಬಂಜೆ; ಗೆಡ್ಡೆಯಾಗಿ ಮನುಷ್ಯನ ಕೈಯಲ್ಲೇ ದೂರ ಸಾಗಬೇಕು. ಗೆಡ್ಡೆಯಿಂದ ಹುಟ್ಟಿದ್ದು ತಾಯಿಯ ಪಡಿಯಚ್ಚು. ಆದಕಾರಣ ದೂರದ ಎರಡು ಊರುಗಳಲ್ಲಿ ಅಂಥ ಕೆಸುವಿನ ಗುರುತು ಒಂದೇ ಆಗಿದ್ದರೆ, ಯಾರೋ ಹೊತ್ತು ತಂದಿರಬೇಕೆಂದು ಊಹಿಸಬಹುದು.

ವೈವಿಧ್ಯ ಹೆಚ್ಚಿದ್ದಲ್ಲೇ ತವರು ಎನ್ನುವ ಆತುರ ಬೇಡ. ಹಲವು ಕಡೆಯವು ಬಂದು ಕೂಡಿದಲ್ಲಿಯೂ ವೈವಿಧ್ಯ ಹೆಚ್ಚುತ್ತದೆ, ನಮ್ಮ ಮುಂಬಯಿಯಂತೆ! ಊರಿಗೆ ಹೋದಾಗ ಹಿತ್ತಿಲ ಕೆಸುವಿನ ಹೆಸರೇನು, ಯಾರ ಮನೆಯಿಂದ ಬಂತು ಎಂದು ಅಜ್ಜಿಯರನ್ನು ಕೇಳಿ ಬರೆದಿಡಿರಿ. ಅದನ್ನು ಡಿಎನ್‌ಎ ಹೇಳಲಾರದು.