ಇವತ್ತು ರಾತ್ರಿ ಮತ್ತೊಂದು ಕ್ರಿಸ್‌ಮಸ್

ಬೆಳಗ್ಗೆಯಿಂದ ಎಚ್‌ಎಂಪಿವಿ, ಎಚ್‌ಎಂಪಿವಿ ಅಂತ ಕೇಳಿ ಕೇಳಿ ನಿಮಗೂ ಸುಸ್ತಾಗಿರುತ್ತೆ, ಹೇಳಿ ಹೇಳಿ ನನಗೂ ಗಂಟಲು ಕಟ್ಟಿದೆ. ಆ ಸುದ್ದಿ ಮುಂದಿನ ಬುಲೆಟಿನ್‌ನಲ್ಲಿ ಇದ್ದೇ ಇರುತ್ತೆ, ಎಲ್ಲೂ ಓಡಿಹೋಗಲ್ಲ. ಈ ಸ್ವಲ್ಪ ಹೊತ್ತು ಬೇರೆ ವಿಷಯ ಮಾತಾಡೋಣ.

ಇವತ್ತು 2025ರ ಜನವರಿ 6, ಸೋಮವಾರ. ನಮ್ಮಲ್ಲಿ ಕ್ರಿಸ್‌ಮಸ್ ಮುಗಿದು ಹನ್ನೆರಡು ದಿನ ಆಯ್ತು. ಬೇಕರಿಯವರು ಉಳಿದ ಪ್ಲಮ್ ಕೇಕನ್ನ ಅರ್ಧ ರೇಟಿಗೆ ಕೊಡ್ತಿದ್ದಾರೆ. ಮಂಗಳೂರಿನ ಮನೆಗಳಲ್ಲಿ ಕುಸ್ವಾರ್ ಡಬ್ಬಿಯ ತಳದಲ್ಲಿ ನಾಲ್ಕು ಕಿಡಿಯೊ, ಎರಡು ಕೊಕ್ಕಿಸಾಂ ಉಳಿದಿದ್ದರೆ ಹೆಚ್ಚು. ಆದರೆ ಮಾಸ್ಕೋದಲ್ಲಿ, ಬೆಲ್‌ಗ್ರೇಡ್‌ನಲ್ಲಿ, ಜಾರ್ಜಿಯಾದಲ್ಲಿ, ಇಥಿಯೋಪಿಯಾದಲ್ಲಿ ಇವತ್ತು ರಾತ್ರಿಯೇ ಕ್ರಿಸ್‌ಮಸ್ ಜಾಗರಣೆ. ನಾಳೆ, ಅಂದರೆ ಜನವರಿ 7, ಹಬ್ಬ. ಅರ್ಮೇನಿಯಾದಲ್ಲಿ ಇವತ್ತೇ ಹಬ್ಬ.

ಏಸು ಹುಟ್ಟಿದ್ದು ಒಂದೇ ಸಲ ಅಲ್ವಾ, ಹಬ್ಬ ಯಾಕೆ ಮೂರು ನಾಲ್ಕು ಸಲ ಅಂತ ನಗಬೇಡಿ. ನಾವೂ ಕಡಿಮೆ ಏನಿಲ್ಲ. ಚಾಂದ್ರಮಾನ ಯುಗಾದಿ ಒಂದು ದಿನ, ಸೌರಮಾನ ಯುಗಾದಿ ಇನ್ನೊಂದು ದಿನ. ಇಡೀ ಊರು ಗೋಕುಲಾಷ್ಟಮಿ ಮುಗಿಸಿ ಚಕ್ಕುಲಿ ತಿಂದು ಖಾಲಿ ಮಾಡಿರುತ್ತೆ, ಉಡುಪಿ ಮಠದಲ್ಲಿ ಸೌರಮಾನದ ಲೆಕ್ಕ ಹಿಡಿದು ಇನ್ನೂ ಕಾಯ್ತಾ ಇರ್ತಾರೆ. ಪಂಚಾಂಗ ಬೇರೆ ಆದರೆ ಹಬ್ಬ ಬೇರೆ. ಅಲ್ಲೂ ಆಗಿರೋದು ಅದೇ.

ನಾನು ಎಂಜಿನಿಯರಿಂಗ್ ಓದಿದವನು. ಆ ಡಿಗ್ರಿ ಈ ಸ್ಟುಡಿಯೋದಲ್ಲಿ ಉಪಯೋಗಕ್ಕೆ ಬರೋದು ವರ್ಷಕ್ಕೆ ಒಂದೋ ಎರಡೋ ಸಲ. ಇವತ್ತು ಅಂಥ ದಿನ, ಹಾಗಾಗಿ ಎರಡು ನಿಮಿಷ ಲೆಕ್ಕ ಸಹಿಸ್ಕೊಳ್ಳಿ.

ರೋಮ್‌ನ ಜೂಲಿಯಸ್ ಸೀಸರ್ ಕ್ರಿಸ್ತಪೂರ್ವ 45ರಲ್ಲಿ ಒಂದು ಕ್ಯಾಲೆಂಡರ್ ಜಾರಿಗೆ ತಂದ. ವರ್ಷಕ್ಕೆ 365 ದಿನ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಜಾಸ್ತಿ. ಅಂದರೆ ಸರಾಸರಿ 365.25 ದಿನ. ಒಳ್ಳೆ ಲೆಕ್ಕವೇ. ಆದರೆ ಋತುಗಳ ನಿಜವಾದ ವರ್ಷ 365.2422 ದಿನ. ವ್ಯತ್ಯಾಸ ವರ್ಷಕ್ಕೆ ಹನ್ನೊಂದು ನಿಮಿಷ. ಹನ್ನೊಂದು ನಿಮಿಷ ಯಾವ ಲೆಕ್ಕ ಅಂತೀರಾ? ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ನಿಂತಿರ್ತೀವಿ. ಆದರೆ ಅದೇ ಹನ್ನೊಂದು ನಿಮಿಷ ಸೇರಿ ಸೇರಿ 128 ವರ್ಷಕ್ಕೆ ಒಂದು ದಿನ ಆಗುತ್ತೆ. ಹದಿನಾರನೇ ಶತಮಾನದ ಹೊತ್ತಿಗೆ ಕ್ಯಾಲೆಂಡರ್ ಹತ್ತು ದಿನ ಜಾರಿಹೋಗಿತ್ತು. ಪೋಪ್ ಹದಿಮೂರನೇ ಗ್ರೆಗರಿ ಅದನ್ನು ಸರಿಮಾಡಿದರು. 1582ರ ಅಕ್ಟೋಬರ್ 4ರ ಮಾರನೇ ದಿನವೇ ಅಕ್ಟೋಬರ್ 15. ಮಧ್ಯದ ಹತ್ತು ದಿನ ಇಲ್ಲವೇ ಇಲ್ಲ. ಮುಂದೆ ಹೀಗಾಗದಿರಲಿ ಅಂತ ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವುದಕ್ಕೆ ಮಾತ್ರ ಲೀಪ್ ಇಯರ್ ಅಂತ ನಿಯಮ ಮಾಡಿದರು.

ಲೆಕ್ಕ ಸರಿಯಾಗಿತ್ತು. ಆದರೆ ಲೆಕ್ಕದ ಕೆಳಗಿದ್ದ ಸಹಿ ಪೋಪ್ ಅವರದ್ದು! ಪೋಪ್ ಹೇಳಿದ್ದಕ್ಕೆ ನಾವ್ಯಾಕೆ ಕುಣೀಬೇಕು ಅಂತ ಪ್ರಾಟೆಸ್ಟಂಟ್ ಬ್ರಿಟನ್ 1752ರವರೆಗೂ ಸುಮ್ಮನೆ ಕೂತಿತ್ತು. ರಷ್ಯಾ ಸರ್ಕಾರ ಬದಲಾಯಿಸಿದ್ದು ಕ್ರಾಂತಿಯಾದ ಮೇಲೆ, 1918ರಲ್ಲಿ, ಲೆನಿನ್ ಕಾಲದಲ್ಲಿ. ಸರ್ಕಾರ ಬದಲಾಯಿಸಿತು, ಚರ್ಚ್ ಬದಲಾಯಿಸಲಿಲ್ಲ. ಅವರ ಪಂಚಾಂಗದಲ್ಲೂ ಕ್ರಿಸ್‌ಮಸ್ ಡಿಸೆಂಬರ್ 25ಕ್ಕೇ. ಆದರೆ ಅವರ ಡಿಸೆಂಬರ್ 25 ಬರುವ ಹೊತ್ತಿಗೆ ನಮ್ಮ ಗೋಡೆಯ ಕ್ಯಾಲೆಂಡರ್ ಜನವರಿ 7 ತೋರಿಸ್ತಿರುತ್ತೆ. ಇವತ್ತಿಗೆ ವ್ಯತ್ಯಾಸ ಹದಿಮೂರು ದಿನ. 2100ರಲ್ಲಿ ಇನ್ನೊಂದು ದಿನ ಸೇರುತ್ತೆ. ಆಮೇಲೆ ಅವರ ಹಬ್ಬ ಜನವರಿ 8ಕ್ಕೆ ಹೋಗುತ್ತೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಬ್ಬ ಮನುಷ್ಯ ಬರ್ತಾನೆ. ಹೆಸರು ಮಿಲುಟಿನ್ ಮಿಲಾಂಕೋವಿಚ್, ಸರ್ಬಿಯಾದವನು. ಹಿಮಯುಗಗಳು ಯಾಕೆ ಬರುತ್ತವೆ ಅಂತ ಭೂಮಿಯ ಕಕ್ಷೆಯ ಲೆಕ್ಕ ಹಾಕಿ ವಿವರಿಸಿದ ದೊಡ್ಡ ವಿಜ್ಞಾನಿ. ಆದರೆ ಶುರುವಿನಲ್ಲಿ ಸಿವಿಲ್ ಎಂಜಿನಿಯರ್, ಕಾಂಕ್ರೀಟ್ ಸೇತುವೆ ಕಟ್ಟುತ್ತಿದ್ದವನು. 1923ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆರ್ಥೊಡಾಕ್ಸ್ ಚರ್ಚ್‌ಗಳ ಸಭೆ ಸೇರಿದಾಗ ಈತ ಹೊಸ ಲೆಕ್ಕ ಮಂಡಿಸಿದ. ಶತಮಾನದ ವರ್ಷವನ್ನು 900ರಿಂದ ಭಾಗಿಸಿ, ಶೇಷ 200 ಅಥವಾ 600 ಬಂದರೆ ಮಾತ್ರ ಲೀಪ್ ಇಯರ್. ಪೋಪ್ ಅವರ ಕ್ಯಾಲೆಂಡರಿಗಿಂತ ನಿಖರ. ಜೊತೆಗೆ 2800ನೇ ಇಸವಿಯವರೆಗೂ ಎರಡೂ ಒಂದೇ ತಾರೀಖು ತೋರಿಸುತ್ತವೆ. ಪೋಪ್ ಮಾತು ಕೇಳಿದ ಹಾಗೂ ಆಗಲ್ಲ, ಹಬ್ಬ ಜಗತ್ತಿನ ಜೊತೆಗೇ ಬರುತ್ತೆ. ಎಂಥ ಜಾಣ! ಗ್ರೀಸ್, ರೊಮೇನಿಯಾ, ಆಮೇಲೆ ಬಲ್ಗೇರಿಯಾ ಚರ್ಚ್‌ಗಳು ಒಪ್ಪಿಕೊಂಡವು. ಒಪ್ಪದೇ ಉಳಿದವರು ಯಾರು ಗೊತ್ತಾ? ಅವನದೇ ಸರ್ಬಿಯಾದ ಚರ್ಚ್. ಇವತ್ತು ಸಂಜೆ ಬೆಲ್‌ಗ್ರೇಡ್‌ನಲ್ಲಿ ಚರ್ಚ್‌ಗಳ ಮುಂದೆ ಓಕ್ ಮರದ ಕೊಂಬೆ ಸುಡ್ತಾರೆ, ಜೂಲಿಯನ್ ಕ್ಯಾಲೆಂಡರ್ ಪ್ರಕಾರ. ಊರಿಗೆ ಉಪಕಾರಿ, ಮನೆಗೆ ಮಾತ್ರ ಯಾರೋ!

ಇಲ್ಲಿಯವರೆಗೂ ತಮಾಷೆಯಾಗೇ ಹೇಳಿದೆ. ಈಗ ಉಕ್ರೇನ್‌ಗೆ ಹೋಗೋಣ. ಹಬ್ಬದ ತಾರೀಖು ಅಲ್ಲಿ ತಮಾಷೆಯ ವಿಷಯವಾಗಿ ಉಳಿದಿಲ್ಲ.

ಉಕ್ರೇನ್‌ನಲ್ಲಿ ಹಬ್ಬದ ಮುಖ್ಯ ಊಟ ಹಿಂದಿನ ರಾತ್ರಿಯದು. ಹೊಲದಿಂದ ಕಟ್ಟಿಟ್ಟ ಗೋಧಿ ತೆನೆಯ ಸಿವುಡನ್ನು ಮನೆಯ ಮೂಲೆಯಲ್ಲಿ ನಿಲ್ಲಿಸ್ತಾರೆ. ಅದಕ್ಕೆ ದಿದುಖ್ ಅಂತ ಹೆಸರು. ಅದರಲ್ಲಿ ಮನೆಯ ಹಿರಿಯರು ಬಂದು ಕೂತಿರ್ತಾರೆ ಅನ್ನೋ ನಂಬಿಕೆ. ಮೇಜಿನ ಬಟ್ಟೆಯ ಕೆಳಗೆ ಒಣಹುಲ್ಲು ಹರಡ್ತಾರೆ. ತೀರಿಕೊಂಡವರಿಗಾಗಿ ಒಂದು ತಟ್ಟೆ ಬೇರೆ ಇಡ್ತಾರೆ. ಮಕ್ಕಳು ಕಿಟಕಿ ಹತ್ತಿರ ನಿಂತು ಆಕಾಶದಲ್ಲಿ ಮೊದಲ ನಕ್ಷತ್ರ ಹುಡುಕ್ತಾರೆ. ನಕ್ಷತ್ರ ಕಂಡ ಮೇಲೇ ಊಟ. ಹನ್ನೆರಡು ಬಗೆ ಅಡುಗೆ, ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹಾಲು ತುಪ್ಪವೂ ಇಲ್ಲ. ಮೊದಲು ತಿನ್ನಬೇಕಾದದ್ದು ಕುತ್ಯಾ. ಇಡೀ ಗೋಧಿಯನ್ನು ಬೇಯಿಸಿ, ಜೇನುತುಪ್ಪ, ಗಸಗಸೆ, ಅಕ್ರೋಟು ಹಾಕಿದ್ದು. ಉತ್ತರ ಕರ್ನಾಟಕದವರಿಗೆ ಬೇರೆ ಹೇಳಬೇಕಾ? ಬೆಲ್ಲದ ಜಾಗದಲ್ಲಿ ಜೇನು ಬಂದಿದೆ ಅಷ್ಟೇ, ಅದು ನಮ್ಮ ಗೋಧಿ ಹುಗ್ಗಿ. ಹಿರಿಯರಿಗೆ ಎಡೆ ಇಡೋದು, ಹೊಸ ಬೆಳೆ ಮನೆಗೆ ತರೋದು, ಇದರಲ್ಲಿ ಯಾವುದಾದರೂ ಒಂದು ನಿಮಗೆ ಪರದೇಶದ್ದು ಅನ್ನಿಸ್ತಾ?

ಹಾಡೂ ಅವರದೇ. ‘ಹೋಮ್ ಅಲೋನ್’ ಸಿನಿಮಾದಲ್ಲಿ, ಮಾಲ್‌ಗಳಲ್ಲಿ, ಜಾಹೀರಾತುಗಳಲ್ಲಿ ಗಂಟೆ ಬಾರಿಸಿದ ಹಾಗೆ ಒಂದು ಕ್ರಿಸ್‌ಮಸ್ ಹಾಡು ಬರುತ್ತಲ್ಲ, ‘ಕ್ಯಾರಲ್ ಆಫ್ ದಿ ಬೆಲ್ಸ್’? ಅದು ಉಕ್ರೇನ್‌ನ ಜನಪದ ಹಾಡು. ರಾಗ ಸಂಯೋಜನೆ ಮಿಕೋಲಾ ಲಿಯೊಂಟೊವಿಚ್ ಅವರದು, ಮೊದಲು ಹಾಡಿದ್ದು 1916ರಲ್ಲಿ ಕೀವ್‌ನಲ್ಲಿ. ಮೂಲ ಹಾಡಲ್ಲಿ ಗಂಟೆಯೂ ಇಲ್ಲ, ಕ್ರಿಸ್‌ಮಸ್ಸೂ ಇಲ್ಲ. ಒಂದು ಪುಟ್ಟ ಹಕ್ಕಿ ಹಾರಿಬಂದು ಮನೆ ಯಜಮಾನನಿಗೆ ಬರುವ ವರ್ಷ ಒಳ್ಳೇದಾಗುತ್ತೆ ಅಂತ ಹೇಳುತ್ತೆ. ಇಂಗ್ಲಿಷ್ ಸಾಲುಗಳು ಸೇರಿದ್ದು ಅಮೆರಿಕದಲ್ಲಿ, 1936ರಲ್ಲಿ. ಅಷ್ಟೊತ್ತಿಗೆ ಲಿಯೊಂಟೊವಿಚ್ ಬದುಕಿರಲಿಲ್ಲ. 1921ರ ಜನವರಿಯಲ್ಲಿ ಸೋವಿಯತ್ ರಹಸ್ಯ ಪೊಲೀಸರ ಏಜೆಂಟ್ ಒಬ್ಬ ಅವರನ್ನು ಗುಂಡಿಟ್ಟು ಕೊಂದಿದ್ದ.

ಸೋವಿಯತ್ ಕಾಲದಲ್ಲಿ ಕ್ರಿಸ್‌ಮಸ್ ರಜೆ ಇರಲಿಲ್ಲ, ಮರ ಸಿಂಗರಿಸೋದೂ ತಪ್ಪಾಗಿತ್ತು. 1935ರ ಕೊನೆಯಲ್ಲಿ ಮರ ವಾಪಸ್ ಬಂತು, ಆದರೆ ಹೊಸ ವರ್ಷದ ಮರ ಅನ್ನೋ ಹೆಸರಲ್ಲಿ. ಮರ ಇಟ್ಟುಕೊಳ್ಳಿ, ಏಸುವನ್ನು ಬಿಡಿ. ಹಾಗಿದ್ದೂ ಅಜ್ಜಿಯರು ಬಾಗಿಲು ಹಾಕಿಕೊಂಡು ಜನವರಿ 6ರ ರಾತ್ರಿ ಕುತ್ಯಾ ಮಾಡಿದರು. ಆ ತಾರೀಖು ಉಳಿದದ್ದು ಹಾಗೆ. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

2022ರ ಫೆಬ್ರವರಿ 24ಕ್ಕೆ ರಷ್ಯಾ ಪೂರ್ಣ ಪ್ರಮಾಣದ ಯುದ್ಧ ಶುರು ಮಾಡಿತು. ಮಾರ್ಚ್ 1ಕ್ಕೆ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ, ಊಟದ ಸಾಮಾನು ತರೋಕೆ ಹೊರಗೆ ಹೋಗಿದ್ದ ಹುಡುಗ. ಆ ದಿನ ಈ ಕುರ್ಚಿಯಲ್ಲಿ ಕೂತು ಆ ಸುದ್ದಿ ಓದಿದ್ದು ನನಗೆ ಮರೆತಿಲ್ಲ. ಅವತ್ತಿನಿಂದ ಉಕ್ರೇನ್ ನಮಗೆ ಬರೀ ಮ್ಯಾಪ್‌ನಲ್ಲಿರೋ ದೇಶ ಅಲ್ಲ.

ಮಾಸ್ಕೋದ ಧರ್ಮಗುರು, ಪೇಟ್ರಿಯಾರ್ಕ್ ಕಿರಿಲ್, ಈ ಯುದ್ಧವನ್ನು ಬಹಿರಂಗವಾಗಿ ಬೆಂಬಲಿಸಿದರು. ಉಕ್ರೇನ್ ಜನ ಕೇಳಿದರು: ನಮ್ಮ ಮೇಲೆ ಬಾಂಬ್ ಹಾಕೋರನ್ನು ಹರಸುವವರ ಜೊತೆ ಒಂದೇ ದಿನ ನಾವು ಹಬ್ಬ ಮಾಡಬೇಕಾ? 2023ರ ಜನವರಿ 6ಕ್ಕೆ ಪುಟಿನ್ ಕ್ರಿಸ್‌ಮಸ್ ಹೆಸರಲ್ಲಿ 36 ಗಂಟೆಗಳ ಕದನವಿರಾಮ ಅಂದರು. ಉಕ್ರೇನ್ ಅದನ್ನು ನಾಟಕ ಅಂತು, ಗುಂಡಿನ ಸದ್ದು ನಿಲ್ಲಲೇ ಇಲ್ಲ. ಅದೇ ವರ್ಷ ಅಲ್ಲಿನ ಗ್ರೀಕ್ ಕ್ಯಾಥೊಲಿಕ್ ಚರ್ಚ್, ಆಮೇಲೆ ಆರ್ಥೊಡಾಕ್ಸ್ ಚರ್ಚ್ ಆಫ್ ಉಕ್ರೇನ್, ಎರಡೂ ಸೆಪ್ಟೆಂಬರ್ 1ರಿಂದ ಕ್ಯಾಲೆಂಡರ್ ಬದಲಾಯಿಸಿದವು. ಆರ್ಥೊಡಾಕ್ಸ್ ಚರ್ಚ್ ಆರಿಸಿಕೊಂಡಿದ್ದು ನಮ್ಮ ಎಂಜಿನಿಯರ್ ಮಿಲಾಂಕೋವಿಚ್ ಲೆಕ್ಕವನ್ನೇ. ಜುಲೈನಲ್ಲಿ ಸಂಸತ್ತು ಕಾನೂನು ಮಾಡಿತು, ಝೆಲೆನ್‌ಸ್ಕಿ ಸಹಿ ಹಾಕಿದರು. ಜನವರಿ 7ರ ಸರ್ಕಾರಿ ರಜೆ ರದ್ದು, ಇನ್ನು ಡಿಸೆಂಬರ್ 25 ಮಾತ್ರ. ಮಕ್ಕಳಿಗೆ ಉಡುಗೊರೆ ತರೋ ಸಂತ ನಿಕೋಲಸ್ ಕೂಡ ಡಿಸೆಂಬರ್ 19ರಿಂದ 6ಕ್ಕೆ ಬಂದುಬಿಟ್ಟ. ಮಕ್ಕಳಿಗೆ ತಕರಾರಿಲ್ಲ ಬಿಡಿ, ಹದಿಮೂರು ದಿನ ಮುಂಚೆ ಉಡುಗೊರೆ!

ಈಗ ನನ್ನ ಮಾತು. ಉಕ್ರೇನ್ ಜನರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ಜನವರಿ 7 ಅನ್ನೋದು ಮಾಸ್ಕೋದ ತಾರೀಖು, ಅದನ್ನ ಹೇರಿದ್ದು ರಷ್ಯಾ ಅಂತ ಸರ್ಕಾರ ಹೇಳಿದಾಗ ಇತಿಹಾಸ ಪೂರ್ತಿ ಒಪ್ಪಲ್ಲ. ಕೀವ್‌ನ ರಾಜ ವೊಲೊಡಿಮಿರ್ 988ರಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದಾಗ ಬೈಜಾಂಟಿಯಂನಿಂದ ಜೂಲಿಯನ್ ಕ್ಯಾಲೆಂಡರ್ ಜೊತೆಗೇ ಬಂತು. ಮಾಸ್ಕೋ ಅನ್ನೋ ಹೆಸರು ದಾಖಲೆಯಲ್ಲಿ ಮೊದಲು ಕಾಣೋದೇ 1147ರಲ್ಲಿ. ಅಂದರೆ ಆ ಪಂಚಾಂಗ ಕೀವ್‌ನದ್ದೇ ಸ್ವಂತ ಆಸ್ತಿ. ಸೋವಿಯತ್ ಕಾಲದಲ್ಲಿ ಬಾಗಿಲು ಹಾಕಿಕೊಂಡು ಕುತ್ಯಾ ಮಾಡಿದ ಅಜ್ಜಿ ಉಳಿಸಿದ್ದು ಇದನ್ನೇ. ಆ ಅಜ್ಜಿಗೆ ಇವತ್ತು ಯಾರೋ ಹೋಗಿ ನೀವು ಶತ್ರುವಿನ ತಾರೀಖಿಗೆ ದೀಪ ಹಚ್ಚುತ್ತಿದ್ದೀರಿ ಅಂದರೆ ಆಕೆ ಏನು ಉತ್ತರ ಕೊಡಬೇಕು? ಮಾಸ್ಕೋ ಜೊತೆ ಐತಿಹಾಸಿಕ ಸಂಬಂಧವಿದ್ದ ಇನ್ನೊಂದು ಆರ್ಥೊಡಾಕ್ಸ್ ಚರ್ಚ್ ಅಲ್ಲಿದೆ. ನಮಗೆ ಮಾಸ್ಕೋ ಸಂಬಂಧ ಇಲ್ಲ ಅಂತ 2022ರ ಮೇ ತಿಂಗಳಲ್ಲೇ ಘೋಷಿಸಿತು. ಸರ್ಕಾರ ನಂಬಿಲ್ಲ. ಕಳೆದ ಆಗಸ್ಟ್‌ನಲ್ಲಿ, ಮಾಸ್ಕೋ ನಂಟಿರುವ ಚರ್ಚ್‌ಗಳನ್ನು ನಿಷೇಧಿಸೋಕೆ ದಾರಿ ಮಾಡಿಕೊಡುವ ಕಾನೂನೂ ಬಂತು. ಆ ಚರ್ಚಿನವರು ಇವತ್ತು ರಾತ್ರಿ ಜಾಗರಣೆಯಲ್ಲಿದ್ದಾರೆ. ಅವರ ಮಕ್ಕಳೂ ಯುದ್ಧರಂಗದಲ್ಲಿದ್ದಾರೆ, ಉಕ್ರೇನ್ ಪರವಾಗಿಯೇ. ರಜೆ ಯಾವ ದಿನ ಅಂತ ತೀರ್ಮಾನ ಮಾಡೋ ಹಕ್ಕು ಸರ್ಕಾರಕ್ಕಿದೆ. ನಂಬಿಕೆಯನ್ನು ನೋಡಿ ದೇಶಭಕ್ತಿ ಅಳೆಯೋ ಕೆಲಸಕ್ಕೆ ಸರ್ಕಾರ ಇಳಿಯಬಾರದು. ಇದು ಯುದ್ಧ ನಡೀತಿರೋ ದೇಶಕ್ಕೆ ದೂರದಲ್ಲಿ ಕೂತು ಹೇಳೋ ಮಾತು, ಸುಲಭದ ಮಾತು, ಗೊತ್ತು. ಆದರೂ ಹೇಳ್ತೀನಿ.

ಯಾಕೆ ಸುಲಭ ಅಂದೆ ಅಂದ್ರೆ, ಈಗ ಹನ್ನೆರಡು ದಿನದ ಹಿಂದೆ ಏನಾಯ್ತು ನೋಡಿ. ಡಿಸೆಂಬರ್ 25, ಹೊಸ ತಾರೀಖಿನ ಎರಡನೇ ಕ್ರಿಸ್‌ಮಸ್. ಬೆಳಗಾಗುವಷ್ಟರಲ್ಲಿ ರಷ್ಯಾದಿಂದ 70ಕ್ಕೂ ಹೆಚ್ಚು ಕ್ಷಿಪಣಿ, 100ಕ್ಕೂ ಹೆಚ್ಚು ಡ್ರೋನ್. ಗುರಿ ವಿದ್ಯುತ್ ವ್ಯವಸ್ಥೆ. ಕೊರೆಯುವ ಚಳಿಯಲ್ಲಿ ಕರೆಂಟ್ ಇಲ್ಲ, ಮನೆ ಬೆಚ್ಚಗಿಡುವ ಹೀಟಿಂಗ್ ಇಲ್ಲ. ಬೇಕಂತಲೇ ಈ ದಿನ ಆರಿಸಿಕೊಂಡರು ಅಂದರು ಝೆಲೆನ್‌ಸ್ಕಿ. ಜನ ತಾರೀಖು ಬದಲಾಯಿಸಿದರು, ಕ್ಷಿಪಣಿ ಹೊಸ ತಾರೀಖು ಹುಡುಕಿಕೊಂಡು ಬಂತು. ಆ ರಾತ್ರಿ ಮೆಟ್ರೋ ಸ್ಟೇಷನ್‌ನಲ್ಲಿ ಕೂತಿದ್ದವರ ಹತ್ತಿರ 988ರ ಇತಿಹಾಸ ಮಾತಾಡೋಕಾಗುತ್ತಾ? ಆಗಲ್ಲ.

ಲೆಕ್ಕದ ವಿಷಯ ಪೂರ್ತಿ ಮುಗಿಸಿಬಿಡ್ತೀನಿ, ಯಾಕಂದ್ರೆ ನಮ್ಮ ಪಂಚಾಂಗ ಜಾರೋದೇ ಇಲ್ಲ ಅಂತ ಕೆಲವರು ಈಗಲೇ ಮೆಸೇಜ್ ಟೈಪ್ ಮಾಡ್ತಿರ್ತೀರಿ. ಮುಂದಿನ ಮಂಗಳವಾರ ಸಂಕ್ರಾಂತಿ, ಜನವರಿ 14. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅವತ್ತು ಮಕರ ಸಂಕ್ರಾಂತಿ. ಆಗ 12, ಈಗ 14, ಕೆಲವು ವರ್ಷ 15. ನಮ್ಮ ಸೌರಮಾನ ವರ್ಷ ನಕ್ಷತ್ರಗಳ ಲೆಕ್ಕದ್ದು, ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಹಾಗಾಗಿ ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ ನಾವೂ ಜಾರ್ತೀವಿ, ಸೀಸರ್‌ಗಿಂತ ಜೋರಾಗಿ. ಯಾರಿಗೂ ತೊಂದರೆ ಆಗಿಲ್ಲ, ಎಳ್ಳು ಬೆಲ್ಲದ ರುಚಿಯೂ ಕೆಟ್ಟಿಲ್ಲ.

ಕೊನೆಗೆ ಬೆತ್ಲೆಹೆಮ್. ಏಸು ಹುಟ್ಟಿದ ಜಾಗ ಅಂತ ನಂಬುವ ಗುಹೆಯ ಮೇಲೆ ಕಟ್ಟಿದ ಚರ್ಚ್ ಆಫ್ ದಿ ನೇಟಿವಿಟಿ. ಅದರ ಒಡೆತನ ಗ್ರೀಕ್ ಆರ್ಥೊಡಾಕ್ಸ್, ಅರ್ಮೇನಿಯನ್, ಕ್ಯಾಥೊಲಿಕ್ ಮೂವರದ್ದು. ಯಾವ ಮೂಲೆ ಯಾರು ಗುಡಿಸಬೇಕು ಅನ್ನೋದಕ್ಕೂ ಕರಾರಿದೆ. 2011ರ ಡಿಸೆಂಬರ್‌ನಲ್ಲಿ ಹಬ್ಬದ ಸ್ವಚ್ಛತೆ ಮಾಡ್ತಾ ಗ್ರೀಕ್ ಮತ್ತು ಅರ್ಮೇನಿಯನ್ ಸನ್ಯಾಸಿಗಳು ಪೊರಕೆ ಹಿಡ್ಕೊಂಡು ಹೊಡೆದಾಡಿದ್ದರು, ವಿಡಿಯೋ ಇಡೀ ಜಗತ್ತು ನೋಡಿತು. ಗಾಜಾ ಯುದ್ಧದಿಂದಾಗಿ ಎರಡು ವರ್ಷದಿಂದ ಅಲ್ಲಿನ ಚೌಕದಲ್ಲಿ ಮರವೂ ಇಲ್ಲ, ದೀಪವೂ ಇಲ್ಲ, ಪ್ರವಾಸಿಗಳೂ ಇಲ್ಲ. ಪ್ರಾರ್ಥನೆ ಮಾತ್ರ ಇದೆ. ಕ್ಯಾಥೊಲಿಕರದ್ದು ಡಿಸೆಂಬರ್ 24ರ ರಾತ್ರಿ ಮುಗೀತು. ಗ್ರೀಕರದ್ದು ಇವತ್ತು ರಾತ್ರಿ. ಜೆರುಸಲೇಮ್ ಕಡೆಯ ಅರ್ಮೇನಿಯನ್ನರು ಜನವರಿ 6ಕ್ಕೆ ಹಬ್ಬ ಮಾಡೋರು, ಅದೂ ಹಳೇ ಕ್ಯಾಲೆಂಡರ್ ಪ್ರಕಾರ. ಹದಿಮೂರು ದಿನ ಕೂಡಿಸಿ. ಅವರ ಜಾಗರಣೆ 18ರ ರಾತ್ರಿ. ಅಷ್ಟೊತ್ತಿಗೆ ನಮ್ಮ ಮನೆಗಳಲ್ಲಿ ಸಕ್ಕರೆ ಅಚ್ಚು ಖಾಲಿಯಾಗಿರುತ್ತೆ, ಅವರು ಅಲ್ಲಿ ಆ ಗುಹೆಯಲ್ಲಿ ಮೂರನೇ ಸಲ ದೀಪ ಹಚ್ಚುತ್ತಿರ್ತಾರೆ.