ಗಡಿಯಾರ ತೋರಿಸುವ ಹೊತ್ತು, ನಾವು ಹೇಳುವ ಹೊತ್ತು

(ಮುಂಬಯಿಯಲ್ಲಿ ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನಗೆ ಈ ವಿಷಯವನ್ನು ವಹಿಸಿದ್ದೀರಿ. ವಿಜ್ಞಾನಿಯಂತೆ ಹೇಳಲಾರೆ, ಗುಮಾಸ್ತನಂತೆ ಒಂದೊಂದಾಗಿ ಬಾಬು ಎತ್ತಿ ಹೇಳುತ್ತೇನೆ.

ಹೊತ್ತನ್ನು ತಿಳಿಯಲು ಮನುಷ್ಯನು ಮೊದಲು ನೆಚ್ಚಿದ್ದು ನೆರಳನ್ನು. ಜಯಪುರದಲ್ಲಿ ಸವಾಯಿ ಜಯಸಿಂಹನು ಕಟ್ಟಿಸಿದ ಸಮ್ರಾಟ್ ಯಂತ್ರವು ಸುಮಾರು 27 ಮೀಟರು ಎತ್ತರದ ನೆರಳು ಗಡಿಯಾರ. ಆದರೆ ಮೋಡ ಕವಿದರೆ, ಇರುಳಾದರೆ ನೆರಳಿಗೆ ಬಾಯಿಲ್ಲ. ಆಗ ನೀರು ಒದಗಿತು. ನಮ್ಮ ಹಿರಿಯರ ಗಳಿಗೆ ಬಟ್ಟಲೆಂದರೆ ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲು. ನೀರಿನ ಮೇಲೆ ತೇಲಬಿಟ್ಟರೆ ಮೆಲ್ಲಮೆಲ್ಲನೆ ತುಂಬಿ ಮುಳುಗುವುದು. ಮುಳುಗಿತೆಂದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಅಂಥ 60 ಗಳಿಗೆ ಕೂಡಿದರೆ ಒಂದು ಹಗಲಿರುಳು.

1656ರಲ್ಲಿ ಹಾಲೆಂಡಿನ ಹೈಗೆನ್ಸನು ಲೋಲಕದ ಗಡಿಯಾರವನ್ನು ರೂಪಿಸಿದನು. ಸುಮಾರು ಒಂದು ಮೀಟರು ಉದ್ದದ ಲೋಲಕವು ಈ ಕಡೆಯಿಂದ ಆ ಕಡೆಗೆ ತೂಗಲು ಒಂದು ಸೆಕೆಂಡು ಹಿಡಿಯುತ್ತದೆ. ಕೈಗಡಿಯಾರದಲ್ಲಿ ಹಾಗೆ ತೂಗಲು ಎಡೆಯೆಲ್ಲಿ? ಅಲ್ಲಿ ಕೂದಲಿನಂಥ ಸುರುಳಿಗೆ ಕಟ್ಟುಬಿದ್ದ ಪುಟ್ಟ ಚಕ್ರವು ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಬೆಂಗಳೂರಿನ ಎಚ್.ಎಂ.ಟಿ.ಯು ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ 1961ರಲ್ಲಿ ಇಂಥವನ್ನು ತಯಾರಿಸತೊಡಗಿತು. ದಿನವೂ ಕೀಲಿ ಕೊಡುವುದು ಎಷ್ಟೋ ಮನೆಗಳಲ್ಲಿ ಒಂದು ನೇಮವಾಯಿತು. ಈಗಿನ ಕ್ವಾರ್ಟ್ಜ್ ಗಡಿಯಾರದ ಹರಳಾದರೋ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ.

ಯಂತ್ರ ಸರಿಯಿದ್ದ ಮಾತ್ರಕ್ಕೆ ಎಲ್ಲರ ಹೊತ್ತೂ ಒಂದೇ ಆಗುವುದಿಲ್ಲ. ಈ ಊರನ್ನೇ ನೋಡಿ. 1906ರಲ್ಲಿ ಭಾರತೀಯ ಪ್ರಮಾಣವೇಳೆ ಬಂದ ಮೇಲೂ ಇಲ್ಲಿ ‘ಬಾಂಬೆ ಟೈಮ್’ 1950ರ ದಶಕದವರೆಗೆ ಉಳಿದುಕೊಂಡಿತ್ತು. ಅದು ಸುಮಾರು 39 ನಿಮಿಷ ಹಿಂದೆ. ರೈಲಿನದೊಂದು ವೇಳೆ, ನಗರದ್ದೊಂದು ವೇಳೆ! ಕೆಟ್ಟದ್ದು ಗಡಿಯಾರವಲ್ಲ; ಜನರ ಒಪ್ಪಿಗೆ ಎರಡಾಗಿತ್ತು.

ಇನ್ನು ನಮ್ಮ ಮನೆಯ ಮಾತು. ಮುಳ್ಳಿನ ಗಡಿಯಾರದಲ್ಲಿ ಕಾಲು, ಅರೆ, ಮುಕ್ಕಾಲು ಕಣ್ಣಿಗೇ ಕಾಣುತ್ತವೆ. ಮುಳ್ಳು ಒಂಬತ್ತರ ಮೇಲೆ ಬಂದಾಗ ನೆರೆಯ ಮರಾಠಿಯವರು ‘ಪಾವಣೇ ಚಾರ್’ ಎನ್ನುತ್ತಾರೆ; ನಾಲ್ಕಕ್ಕೆ ಕಾಲು ಕಡಿಮೆ ಎಂದರ್ಥ. ನಾವು ‘ಮೂರೂ ಮುಕ್ಕಾಲು’ ಎನ್ನುತ್ತೇವೆ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಅವರದು ಬಾಕಿಯ ಲೆಕ್ಕ, ನಮ್ಮದು ಜಮೆಯ ಲೆಕ್ಕ. ಎರಡೂ ಸರಿಯೇ. ಆದರೆ ಅಂಕಿಯ ಗಡಿಯಾರವು 3:45 ಎಂದು ಬರೆದೇ ತೋರಿಸುತ್ತದೆ. ನಮ್ಮ ಮಕ್ಕಳು ಅದನ್ನು ‘ತ್ರೀ ಫಾರ್ಟಿಫೈವ್’ ಎಂದು ಓದಿ ಮುಗಿಸುತ್ತಾರೆ. ಮುಕ್ಕಾಲೆಂದರೆ ಎಷ್ಟೆಂದು ಊರಿನಲ್ಲಿ ಅಜ್ಜಿಯನ್ನು ಕೇಳಬೇಕಾಗುತ್ತದೆ. ಹೊತ್ತು ಹೇಳುವ ಮಾತು ಹೋದರೆ, ಅಳತೆಯ ಕಾಲು, ಮುಕ್ಕಾಲುಗಳೂ ಅದರ ಹಿಂದೆಯೇ ಹೋಗುತ್ತವೆ.

ಆದುದರಿಂದ ನನ್ನ ಬಿನ್ನಹ ಇಷ್ಟೆ: ಪ್ರತಿಯೊಂದು ಮನೆಯಲ್ಲಿಯೂ ಮುಳ್ಳಿನ ಗಡಿಯಾರವೊಂದು ತೂಗಲಿ. ದಿನಕ್ಕೊಮ್ಮೆಯಾದರೂ ಮಗುವನ್ನು ‘ಗಂಟೆ ಎಷ್ಟಾಯಿತು?’ ಎಂದು ಕನ್ನಡದಲ್ಲಿ ಕೇಳಿ. ಕನ್ನಡದಲ್ಲಿಯೇ ಉತ್ತರ ಬರುವವರೆಗೆ ಕಾಯಿರಿ. ಅದಕ್ಕೆ ಕಾಸಿನ ಖರ್ಚಿಲ್ಲ.

ನನಗೆ ಕೊಟ್ಟ ಕಾಲು ಗಂಟೆ ಮುಗಿಯಿತು.