ಬಂದೂಕಿನ ಹಿಡಿಕೆಯೂ ದುಡಿಯುವ ಕೈಯೂ

(ವರ್ತಕ ನಗರದಲ್ಲಿ ಕನ್ನಡ ಕಾಮಗಾರ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಬಂದೂಕಿನ ಹಿಡಿಕೆ ಎಂಬುದನ್ನು ಫಲಕದ ಮೇಲೆ ಓದಿ ಕೆಲವರು ನಕ್ಕರೆಂದು ಕೇಳಿದೆವು. ಉಣ್ಣೆಯ ಗಿರಣಿಯಲ್ಲಿ, ಅರದ ಕಾರ್ಖಾನೆಯಲ್ಲಿ, ಲೇತಿನ ಮುಂದೆ ಆಯುಷ್ಯ ಸವೆಸಿದ ನಮಗೆ ಬಂದೂಕಿನ ಗೊಡವೆ ಏಕೆ? ಕಾರಣವಿದೆ. ಹಿಡಿಕೆಯನ್ನು ಕೈಗೆ ತಕ್ಕಂತೆ ಮಾಡಬೇಕೇ, ಕೈಯನ್ನು ಹಿಡಿಕೆಗೆ ಬಗ್ಗಿಸಬೇಕೇ ಎಂಬ ಪ್ರಶ್ನೆಗೆ ಬಂದೂಕು ಮಾಡುವವರು ಎಂದೋ ಉತ್ತರ ಕಂಡುಕೊಂಡರು. ನಮ್ಮ ಕಾರ್ಖಾನೆಗಳಲ್ಲಿ ಆ ಪ್ರಶ್ನೆಯನ್ನು ಕೇಳುವವರೇ ವಿರಳ.

ಹಳೆಯ .303 ರೈಫಲನ್ನು ನೀವೆಲ್ಲ ಪೊಲೀಸರ ಹೆಗಲ ಮೇಲೆ ನೋಡಿದ್ದೀರಿ. 1962ರಲ್ಲಿ ಹಿಮಾಲಯದಲ್ಲಿ ನಮ್ಮ ಸೈನಿಕರು ಹಿಡಿದದ್ದು ಅದನ್ನೇ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಕೆಲವು ಪೊಲೀಸರ ಕೈಯಲ್ಲಿದ್ದುದೂ ಅದೇ. ಸುಮಾರು ನಾಲ್ಕು ಕಿಲೋ ತೂಕ, ಉದ್ದನೆಯ ಮರದ ಮೈ. ಆ ರೈಫಲಿನ ಹಿಂಬದಿಯ ಮರ, ಅಂದರೆ ಬಟ್ಟು, ಒಂದೇ ಅಳತೆಯದಲ್ಲ. ಗಿಡ್ಡ, ಸಾಮಾನ್ಯ, ಉದ್ದ ಎಂದು ಅರ್ಧರ್ಧ ಅಂಗುಲದ ವ್ಯತ್ಯಾಸದಲ್ಲಿ ಮಾಡುತ್ತಿದ್ದರು. ತೀರ ಕುಳ್ಳರಿಗೆ ಇನ್ನೂ ಗಿಡ್ಡದ್ದೊಂದು. ಸಿಪಾಯಿಯ ತೋಳನ್ನು ನೋಡಿ ಕೊಡಬೇಕೆಂಬುದು ಇದರ ಉದ್ದೇಶ. ಸಿಪಾಯಿಯ ಮೇಲಿನ ಕರುಣೆಯಿಂದ ಮಾಡಿದ್ದಲ್ಲ, ಗುರಿ ತಪ್ಪಬಾರದೆಂದು ಮಾಡಿದ್ದು. ಆದರೂ ಮಾಡಿದರು.

ಮುಂದೆ ಈಶಾಪುರದಲ್ಲಿ ತಯಾರಾದ 7.62 ಮಿಲಿಮೀಟರಿನ ಎಸ್.ಎಲ್.ಆರ್. ರೈಫಲಿಗೆ ಪಿಸ್ತೂಲಿನಂಥ ಪ್ರತ್ಯೇಕ ಹಿಡಿಕೆ ಬಂತು. .303ರ ಸಪೂರ ಕತ್ತನ್ನು ಹಿಡಿದರೆ ಮಣಿಕಟ್ಟು ಸೊಟ್ಟಗಾಗುತ್ತದೆ. ಪಿಸ್ತೂಲು ಹಿಡಿಕೆಯಲ್ಲಿ ಕೈ, ನಮಸ್ಕಾರಕ್ಕೆ ಬಂದ ಗೆಳೆಯನ ಕೈಕುಲುಕುವ ಹಾಗೆ ನೆಟ್ಟಗಿರುತ್ತದೆ. ಬೆರಳನ್ನೆಳೆಯುವ ನರಹುರಿಗಳು ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಹಾದುಹೋಗುತ್ತವೆ. ಮಣಿಕಟ್ಟು ಬಗ್ಗಿದರೆ ಅವು ಒಂದಕ್ಕೊಂದು ಉಜ್ಜುತ್ತವೆ, ಹಿಡಿತದ ಬಲವೂ ತಗ್ಗುತ್ತದೆ.

ಇನ್ನು ಟ್ರಿಗರಿನ ಮಾತು. ಹಿಡಿಕೆ ದಪ್ಪವಾಗಿದ್ದರೆ ಅಥವಾ ದೂರವಿದ್ದರೆ ತೋರುಬೆರಳು ಟ್ರಿಗರನ್ನು ನೇರ ಹಿಂದಕ್ಕೆ ಎಳೆಯದೆ ಪಕ್ಕಕ್ಕೆ ತಳ್ಳುತ್ತದೆ. 50 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ವರ್ತುಲದ ಅಡ್ಡಳತೆ 10.4 ಮಿಲಿಮೀಟರು ಮಾತ್ರ. ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳಿದರೂ ಅಲ್ಲಿ ಅಂಕ ಹೋಯಿತು.

ನಮ್ಮ ಬೆಳಗಾವಿಗೆ ನೆರೆಯಾದ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ, ಆಗ ಮಧ್ಯ ರೈಲ್ವೆಯ ಟಿಕೆಟು ತಪಾಸಣೆಯ ನೌಕರರಾಗಿದ್ದವರು, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದೇ ದೂರದ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಮಂಡಿಯೂರಿ, ಮಲಗಿ, ನಿಂತು, ಹೀಗೆ ಮೂರು ಭಂಗಿಗಳು. ಭಂಗಿ ಬದಲಾದಂತೆ ಕೈಯ ಕೋನವೂ ಬದಲಾಗುತ್ತದೆ. ಆದ್ದರಿಂದಲೇ ಸ್ಪರ್ಧೆಯ ರೈಫಲುಗಳ ಹಿಡಿಕೆಯನ್ನು ಹಿಂದೆ ಮುಂದೆ ಸರಿಸಬಹುದು, ಓರೆ ಮಾಡಬಹುದು.

ಅಂಥ ಹಿಡಿಕೆಯನ್ನು ಕೈಗೆ ಹೊಂದಿಸುವ ರೀತಿ ನಮ್ಮ ಫಿಟ್ಟರುಗಳಿಗೆ ಮೆಚ್ಚುಗೆಯಾದೀತು. ಅಕ್ರೋಟ ಮರದ ಹಿಡಿಕೆಯನ್ನು ಸ್ವಲ್ಪ ದೊಡ್ಡದಾಗಿಯೇ ಕೊರೆಯುತ್ತಾರೆ. ಟೊಳ್ಳಿರುವಲ್ಲಿ ಮರದ ಲಾಂಬಿ ಮೆತ್ತಿ, ಅದು ಹಸಿಯಿರುವಾಗಲೇ ಹಿಡಿದು ಅಂಗೈಯ ಗುರುತು ಮೂಡಿಸುತ್ತಾರೆ. ಒಣಗಿದ ಮೇಲೆ ಒತ್ತುವ ಕಡೆ ಅರದಿಂದ ತಿಕ್ಕುತ್ತಾರೆ. ಅರ ಎಂದರೆ ಇಲ್ಲಿಯವರ ಕಾನಸ್, ಜೆ.ಕೆ. ಗ್ರಾಮದ ನೆರೆಯವರಿಗೆ ಅದರ ಪರಿಚಯ ಹೇಳಬೇಕಿಲ್ಲ. ತಿಕ್ಕುವುದು, ಹಿಡಿದು ನೋಡುವುದು, ಮತ್ತೆ ತಿಕ್ಕುವುದು. (ಯಾರೂ ಮನೆಗೆ ಹೋಗಿ ಬಂದೂಕು ಹುಡುಕಬೇಡಿ! 1959ರ ಆಯುಧ ಕಾಯಿದೆ ಇದೆ.)

ಬೆರಳಿಗೊಂದು ಕುಳಿಯಿರುವ ಅಂದದ ಹಿಡಿಕೆಗಳೂ ಅಂಗಡಿಯಲ್ಲಿ ಸಿಗುತ್ತವೆ. ನಮ್ಮ ಮತದಲ್ಲಿ ಅವು ಮೋಸದ ಅಂದ. ಯಾರದೋ ಬೆರಳಿಗೆ ತೋಡಿದ ಕುಳಿಯ ಏಣು ಬೇರೊಬ್ಬನ ಬೆರಳ ಗೆಣ್ಣಿಗೆ ಒತ್ತುತ್ತದೆ. ಹಲವರ ಕೈಗೆ ಹೋಗುವ ಹಿಡಿಕೆ ಸಾದಾ ಇದ್ದಷ್ಟೂ ಒಳ್ಳೆಯದು. ಚೌಕುಳಿ ಕೊರೆದ ಮೈ ಬೆವರಿನಲ್ಲಿ ಜಾರುವುದಿಲ್ಲವೆಂಬುದೇನೋ ನಿಜ, ಆದರೆ ತೀರ ಹರಿತವಾದರೆ ಚರ್ಮ ಕಿತ್ತುಬರುತ್ತದೆ. ಸಾದಾ ರಬ್ಬರು ಮೊದಲು ಹಿತ. ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ.

ತೋಳಿನಲ್ಲಿ ರೈಫಲಿನ ಭಾರ ಹೊರಲಾಗದ ಅಂಗವಿಕಲ ಸ್ಪರ್ಧಿಗಳಿಗೆ ಸ್ಪ್ರಿಂಗಿನ ಆಧಾರವೊಂದನ್ನು ನಿಯಮದಲ್ಲೇ ಒಪ್ಪಿದ್ದಾರೆ. ಕೈಗೆ ಶಕ್ತಿಯಿಲ್ಲವೆಂದು ಆ ಮನುಷ್ಯನನ್ನು ಹೊರಗಿಡಲಿಲ್ಲ, ಸಲಕರಣೆಯನ್ನು ಬದಲಿಸಿದರು.

ಈಗ ನಮ್ಮ ಕೈಗೆ ಬರೋಣ. ಗ್ರೈಂಡರು ಹಿಡಿದವರಲ್ಲಿ ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುವವರು ಈ ಸಭೆಯಲ್ಲೇ ಇದ್ದಾರೆ. ವಯಸ್ಸಾಯಿತು ಎಂದು ಸುಮ್ಮನಿರುತ್ತಾರೆ. ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಕೊಳ್ಳುವ ಈ ಬೇನೆ, ಬಲ ಹಾಕಿ ಮತ್ತೆ ಮತ್ತೆ ಮಾಡುವ ಕೆಲಸದಿಂದಲೂ ಕಂಪನದಿಂದಲೂ ಬಂದರೆ ಅದು ಉದ್ಯೋಗದ ರೋಗವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2010ರ ಪಟ್ಟಿಯಲ್ಲಿದೆ. ವೈದ್ಯರಿಗೆ ತೋರಿಸುವಾಗ ಏನು ಕೆಲಸ, ಎಷ್ಟು ವರ್ಷ, ಯಾವ ಉಪಕರಣ ಎಂಬುದನ್ನು ಹೇಳಿ ಬರೆಯಿಸಿಕೊಳ್ಳಿರಿ.

ಅರದ ಹಿಡಿಕೆ ಗಿಡ್ಡವಾಗಿದ್ದರೆ ಅದರ ತುದಿ ಅಂಗೈಯ ನಡುವೆ ಚುಚ್ಚುತ್ತದೆ. ಹತ್ತು ಸೆಂಟಿಮೀಟರಿಗಿಂತ ಗಿಡ್ಡ ಇರಬಾರದು. ಮುಷ್ಟಿ ಕಟ್ಟಿದಾಗ ಹೆಬ್ಬೆರಳು ಎದುರು ಬೆರಳಿನ ತುದಿಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಹಿಡಿಕೆ ನಿಮಗೆ ದಪ್ಪ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಬಲಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ತನ್ನಿರಿ. ಹೆಣ್ಣುಮಕ್ಕಳೂ ತರಬೇಕು, ಅವರ ಕೈಯ ಅಳತೆಯನ್ನು ಕೇಳಿದವರೇ ಇಲ್ಲ. ಆ ಕಾಗದಗಳನ್ನು ಮುಂದಿಟ್ಟುಕೊಂಡು, ಒಂದೇ ಉಪಕರಣಕ್ಕೆ ಮೂರು ಅಳತೆಯ ಹಿಡಿಕೆ ಬೇಕೆಂದು ವೇತನದ ಮಾತುಕತೆಯ ದಿನವೇ ಬರವಣಿಗೆಯಲ್ಲಿ ಕೇಳೋಣ.